ಹೆಣ ಬಿದ್ದ ಮೇಲಿನಿಂದ ಓದಿ: ನಾಟಕದ ರಾಜಕೀಯ ಕೊಲೆಯನ್ನು ಇತಿಹಾಸದ ಪಕ್ಕ ಇಟ್ಟು ನೋಡುವ ಬಗೆ

ಇಪ್ಪತ್ತೆರಡು ವರ್ಷ ನಾನು ಷೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕ ಪಾಠ ಮಾಡಿದ್ದೇನೆ. ಮೊದಮೊದಲು ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತಿದ್ದೆ. ಎಡಕ್ಕೆ ನಾಟಕದ ಹೆಸರು, ಬಲಕ್ಕೆ ಇತಿಹಾಸದ ಹೆಸರು. ಸೀಸರ್ ಎದುರಿಗೆ ಅಮೆರಿಕದ ಅಧ್ಯಕ್ಷ ಕೆನಡಿ, ಸೀಸರ್‌ನನ್ನು ಕೊಂದ ಬ್ರೂಟಸ್ ಎದುರಿಗೆ ಕೆನಡಿಯನ್ನು ಕೊಂದ ಆಸ್ವಾಲ್ಡ್. ಒಂದು ದಿನ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ: “ಮೇಡಂ, ಹಾಗಾದ್ರೆ ಆಂಟನಿ ಯಾರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರೂಟಸ್ ಸೀಸರ್‌ನ ಗೆಳೆಯ, ಆಸ್ವಾಲ್ಡ್ ಕೆನಡಿಯ ಗೆಳೆಯನಲ್ಲ. ನಾಟಕದ ಆಂಟನಿಯ ಹಾಗೆ ಕೆನಡಿಯ ಹೆಣದ ಮುಂದೆ ನಿಂತು ಊರಿಗೆ ಬೆಂಕಿ ಹಚ್ಚಿಸಿದವರು ಯಾರೂ ಇಲ್ಲ. ನಾನು ಹೆಸರಿಗೆ ಹೆಸರು ಅಂಟಿಸುತ್ತಿದ್ದೆ, ಅಷ್ಟೆ.

ಆ ಪ್ರಶ್ನೆ ಬಹಳ ದಿನ ಕಾಡಿತು. ಮತ್ತೆ ನಾಟಕ ತೆಗೆದು ನೋಡಿದೆ. ಅದಕ್ಕೆ ಐದು ಅಂಕ. ಸೀಸರ್ ಸಾಯುವುದು ಮೂರನೇ ಅಂಕದ ಮೊದಲ ದೃಶ್ಯದಲ್ಲಿ. ಹೆಚ್ಚುಕಡಿಮೆ ಅರ್ಧ ನಾಟಕ ಇನ್ನೂ ಬಾಕಿ ಇರುತ್ತದೆ. ಷೇಕ್ಸ್‌ಪಿಯರ್‌ಗೆ ಕೊಲೆಯೇ ಮುಖ್ಯವಾಗಿದ್ದರೆ ಅದನ್ನು ಕೊನೆಗೆ ಇಡುತ್ತಿದ್ದ, ಅಲ್ವಾ? ಅವನಿಗೆ ಬೇಕಾಗಿದ್ದು ಹೆಣ ಬಿದ್ದ ಮೇಲಿನ ಕಥೆ. ಯಾರು ಮಾತಾಡಿದರು, ಜನ ಯಾರ ಮೇಲೆ ಬಿದ್ದರು, ಅಧಿಕಾರ ಯಾರ ಕೈಗೆ ಹೋಯಿತು. ಹೋಲಿಸಬೇಕಾದ್ದು ಅದನ್ನೇ. ನಾಟಕ ಓದುವವರು, ಇತಿಹಾಸ ಓದುವವರು, ಪಾಠ ಮಾಡುವವರು, ಓದುಗರ ಗುಂಪು ನಡೆಸುವವರು ಇದನ್ನು ಹೇಗೆ ಮಾಡಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಪೆನ್ಸಿಲ್ ಹಿಡಿದು ಕೂರಿ

ಮೊದಲು ನಾಟಕ ಪೂರ್ತಿ ಓದಿ. ಸಾರಾಂಶ ಸಾಲದು. ಓದುವಾಗ ಐದು ಕಡೆ ಗುರುತು ಹಾಕಿ. ಕೊಲ್ಲುವವನು ಕೊಲ್ಲುವ ಮೊದಲು ತನಗೆ ತಾನೇ ಏನು ಹೇಳಿಕೊಳ್ಳುತ್ತಾನೆ? ಯಾರನ್ನು ಕೊಲ್ಲದೆ ಬಿಡುತ್ತಾನೆ? ಹೆಣದ ಪಕ್ಕ ನಿಂತು ಯಾರು ಮಾತಾಡುತ್ತಾರೆ? ಏನೂ ಸಂಬಂಧ ಇಲ್ಲದೆ ಸಾಯುವವರು ಯಾರು? ಕೊನೆಗೆ ಅಧಿಕಾರ ಯಾರದ್ದು?

ಆಮೇಲೆ ಇತಿಹಾಸದ ಘಟನೆ. ಕೊಲೆಯ ಹಿಂದಿನ ದಿನದಿಂದ ಒಂದು ವರ್ಷದ ತನಕ ಏನೇನಾಯಿತು ಅಂತ ತಾರೀಖು ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಡಿಮೆ ಅಂದರೂ ಎರಡು ಬೇರೆ ಬೇರೆ ಪುಸ್ತಕ ನೋಡಿ. ಅದೇ ಐದು ಪ್ರಶ್ನೆಯನ್ನು ಅಲ್ಲೂ ಕೇಳಿ. ಮೂರನೇ ಹಾಳೆಯೊಂದು ಖಾಲಿ ಇರಲಿ. ಅದರ ಮೇಲೆ ‘ಹೊಂದದ್ದು’ ಅಂತ ಬರೆದಿಡಿ. ಕೆಲಸ ಸರಿಯಾಗಿ ನಡೆದರೆ ಆ ಹಾಳೆಯೇ ಮೊದಲು ತುಂಬುತ್ತದೆ.

ಕೊಲ್ಲುವ ಮೊದಲಿನ ಮಾತು

ಎರಡನೇ ಅಂಕದಲ್ಲಿ ಬ್ರೂಟಸ್ ರಾತ್ರಿ ತೋಟದಲ್ಲಿ ಒಬ್ಬನೇ ನಿಂತು ಮಾತಾಡುತ್ತಾನೆ. ಆ ಸ್ವಗತವನ್ನು ಗಟ್ಟಿಯಾಗಿ ಓದಿ ನೋಡಿ. ಅವನು ಶುರು ಮಾಡುವುದೇ ತೀರ್ಪಿನಿಂದ. ಸೀಸರ್ ಸಾಯಬೇಕು ಅನ್ನುತ್ತಾನೆ. ಕಾರಣ ಹುಡುಕುವುದು ಆಮೇಲೆ. ಹುಡುಕಿದರೆ ಸೀಸರ್ ಇಲ್ಲಿಯವರೆಗೆ ಮಾಡಿದ ಒಂದು ತಪ್ಪೂ ಸಿಗುವುದಿಲ್ಲ. ಕಿರೀಟ ಇಟ್ಟರೆ ಬದಲಾಗಬಹುದು, ಹಾವಿನ ಮೊಟ್ಟೆ ಒಡೆದರೆ ಕಚ್ಚಬಹುದು. ಬರೀ ‘ಬಹುದು’. ಇಲ್ಲಿ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ‘ಮಾಡಿದ’ ಇದೆಯೋ, ‘ಮಾಡಬಹುದು’ ಇದೆಯೋ ನೋಡಿ. ಹಂತಕರ ಹೇಳಿಕೆ, ಪತ್ರ, ಕೋರ್ಟಿನ ಮಾತು ಓದುವಾಗಲೂ ಇದನ್ನೇ ಮಾಡಿ. ಎಷ್ಟೋ ವಿಷಯ ಆ ಒಂದು ಪದದಲ್ಲೇ ಸಿಗುತ್ತದೆ.

ಈ ನಾಟಕದ ಪಕ್ಕ ಇಡಲು ನನಗೆ ಎಲ್ಲಕ್ಕಿಂತ ಇಷ್ಟವಾದ ಘಟನೆ ದಕ್ಷಿಣ ಕೊರಿಯಾದ್ದು. ಇದರ ಬಗ್ಗೆ ಇನ್ನೂ ಜಾಸ್ತಿ ಜನ ಓದಬೇಕು ಅನ್ನೋದು ನನ್ನ ಆಸೆ. 1979ರ ಅಕ್ಟೋಬರ್ 26. ಸೋಲ್ ನಗರದಲ್ಲಿ ಗುಪ್ತಚರ ಇಲಾಖೆಗೆ ಸೇರಿದ ಒಂದು ಮನೆ. ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅಲ್ಲಿ ಊಟಕ್ಕೆ ಕೂತಿದ್ದರು. 1961ರ ಸೇನಾ ದಂಗೆಯಿಂದ ಶುರುವಾಗಿ ಅವರ ಆಳ್ವಿಕೆಗೆ 18 ವರ್ಷ ಆಗಿತ್ತು. ಊಟದ ನಡುವೆ ಅವರನ್ನೂ ಅವರ ಅಂಗರಕ್ಷಕರ ಮುಖ್ಯಸ್ಥನನ್ನೂ ಗುಂಡಿಟ್ಟು ಕೊಂದವನು ಕಿಮ್ ಜೇ ಗ್ಯು. ಅದೇ ಗುಪ್ತಚರ ಇಲಾಖೆಯ ಮುಖ್ಯಸ್ಥ, ಪಾರ್ಕ್ ಅವರಿಗೆ ಎಷ್ಟೋ ವರ್ಷದ ಆಪ್ತ. ಪ್ರಜಾಪ್ರಭುತ್ವಕ್ಕಾಗಿ ಕೊಂದೆ ಎಂದು ಅವನು ಕೋರ್ಟಿನಲ್ಲಿ ಹೇಳಿದ.

ಇಷ್ಟು ಕೇಳಿದರೆ ಬ್ರೂಟಸ್ ನೆನಪಾಗುತ್ತಾನೆ. ಆದರೆ ನಿಜವಾದ ಹೋಲಿಕೆ ಮುಂದೆ ಇದೆ. ಕೊಂದ ಮೇಲೆ ಏನು ಮಾಡಬೇಕು ಅನ್ನೋದು ಬ್ರೂಟಸ್‌ಗೂ ಗೊತ್ತಿರಲಿಲ್ಲ, ಕಿಮ್‌ಗೂ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ಅವನು ತನ್ನ ಇಲಾಖೆಯ ಕಚೇರಿಗೆ ಹೋಗದೆ ಸೇನೆಯ ಮುಖ್ಯ ಕಚೇರಿಗೆ ಹೋದ. ಕೆಲವೇ ಗಂಟೆಗಳಲ್ಲಿ ಅಲ್ಲೇ ಸಿಕ್ಕಿಬಿದ್ದ. ಕೊಲೆಯ ತನಿಖೆ ಚುನ್ ಡೂ ಹ್ವಾನ್ ಎಂಬ ಸೇನಾಧಿಕಾರಿಯ ಕೈಗೆ ಬಂತು. ಡಿಸೆಂಬರ್ 12ರಂದು ಆ ತನಿಖಾಧಿಕಾರಿಯೇ ಸೇನೆಯನ್ನು ವಶಕ್ಕೆ ತೆಗೆದುಕೊಂಡ. 1980ರ ಮೇ ತಿಂಗಳಲ್ಲಿ ಗ್ವಾಂಗ್ಜುವಿನಲ್ಲಿ ಪ್ರತಿಭಟಿಸಿದವರ ಮೇಲೆ ಸೇನೆ ಗುಂಡು ಹಾರಿಸಿತು. ಅದೇ ಮೇ 24ರಂದು ಕಿಮ್‌ನನ್ನು ಗಲ್ಲಿಗೇರಿಸಿದರು. ಆ ವರ್ಷ ಮುಗಿಯುವ ಮೊದಲೇ ಚುನ್ ಅಧ್ಯಕ್ಷನಾಗಿದ್ದ.

ಈಗ ನಾಟಕಕ್ಕೆ ವಾಪಸ್ ಬನ್ನಿ. ಸೀಸರ್‌ನ ವಾರಸುದಾರ ಆಕ್ಟೇವಿಯಸ್ ಮೊದಲ ಸಲ ರಂಗದ ಮೇಲೆ ಬರುವುದೇ ನಾಲ್ಕನೇ ಅಂಕದಲ್ಲಿ. ಕೊಲೆಯ ಹೊತ್ತಿಗೆ ಅವನು ಊರಲ್ಲೇ ಇಲ್ಲ. ಆದರೂ ನಾಟಕದ ಕೊನೆಯ ಮಾತು ಅವನದೇ. ಒಬ್ಬನ ಆಳ್ವಿಕೆ ಬೇಡ ಅಂತ ಕೊಂದವರು ಇನ್ನೊಬ್ಬನ ಆಳ್ವಿಕೆಗೆ ಬಾಗಿಲು ತೆರೆದರು. ಇಲ್ಲಿ ಕಿಮ್ ಬ್ರೂಟಸ್, ಚುನ್ ಆಕ್ಟೇವಿಯಸ್ ಅಂತ ಬರೆಯಬೇಡಿ. ‘ಮುಂದಿನ ದಿನದ ಯೋಚನೆ ಇಲ್ಲದೆ ಕೊಂದರು, ಯೋಚನೆ ಇದ್ದವನು ಗೆದ್ದ’ ಅಂತ ಬರೆಯಿರಿ. ಹೋಲಿಕೆ ಕ್ರಿಯಾಪದದಲ್ಲಿ ನಿಲ್ಲಬೇಕು.

ಮೂರನೇ ಹಾಳೆಯಲ್ಲಿ ಏನು ಬರೆಯಬೇಕು? ಸೋಲ್‌ನ ಆ ಮನೆಯಲ್ಲಿ ಜನಸಮೂಹ ಇರಲಿಲ್ಲ. ಹೆಣದ ಮುಂದೆ ಭಾಷಣ ಆಗಲಿಲ್ಲ. ಅಂಗರಕ್ಷಕರ ಮುಖ್ಯಸ್ಥನ ಜೊತೆ ಕಿಮ್‌ಗೆ ಹಳೆಯ ಜಿದ್ದು ಇತ್ತು. ಹಾಗಾಗಿ ಪ್ರಜಾಪ್ರಭುತ್ವದ ಮಾತು ಎಷ್ಟು ನಿಜ ಅನ್ನೋದು ಇವತ್ತಿಗೂ ಚರ್ಚೆಯಲ್ಲಿದೆ. ಬ್ರೂಟಸ್‌ನ ಮನಸ್ಸು ನಮಗೆ ಸ್ವಗತದಲ್ಲಿ ಕೇಳಿಸುತ್ತದೆ. ಇತಿಹಾಸದಲ್ಲಿ ಯಾರಿಗೂ ಸ್ವಗತ ಇಲ್ಲ.

ಹೋಲಿಕೆಯನ್ನು ತಾನೇ ಮಾಡಿಕೊಂಡ ಹಂತಕ

ಜಾನ್ ವಿಲ್ಕಿಸ್ ಬೂತ್ ಬಗ್ಗೆ ಬರೆಯದೆ ಈ ವಿಷಯ ದಾಟಲು ಆಗುವುದಿಲ್ಲ. ಅವನು ನಟ. 1864ರ ನವೆಂಬರ್ 25ರಂದು ನ್ಯೂಯಾರ್ಕಿನಲ್ಲಿ ಮೂವರು ಬೂತ್ ಸಹೋದರರು ‘ಜೂಲಿಯಸ್ ಸೀಸರ್’ ಆಡಿದರು. ಒಬ್ಬ ಬ್ರೂಟಸ್, ಒಬ್ಬ ಕ್ಯಾಸಿಯಸ್. ಜಾನ್ ಮಾಡಿದ್ದು ಆಂಟನಿಯ ಪಾತ್ರ. ಐದು ತಿಂಗಳು ಕಳೆಯುವಷ್ಟರಲ್ಲಿ, 1865ರ ಏಪ್ರಿಲ್ 14ರಂದು, ಅವನು ಅಮೆರಿಕದ ಅಧ್ಯಕ್ಷ ಲಿಂಕನ್‌ಗೆ ಗುಂಡು ಹೊಡೆದ. ತಲೆ ತಪ್ಪಿಸಿಕೊಂಡು ಓಡುವಾಗ ಡೈರಿಯಲ್ಲಿ ಗೋಳು ತೋಡಿಕೊಂಡ. ಯಾವ ಕೆಲಸಕ್ಕೆ ಬ್ರೂಟಸ್‌ಗೆ ಗೌರವ ಸಿಕ್ಕಿತೋ ಅದೇ ಕೆಲಸಕ್ಕೆ ನನ್ನನ್ನು ನಾಯಿಯ ಹಾಗೆ ಬೇಟೆ ಆಡುತ್ತಿದ್ದಾರೆ ಅನ್ನೋದು ಅದರ ಸಾರ.

ಬ್ರೂಟಸ್‌ನ ಕೆಲಸವನ್ನು ಮಣ್ಣುಪಾಲು ಮಾಡುವ ಭಾಷಣವನ್ನು ಇವನು ರಂಗದ ಮೇಲೆ ನಿಂತು ತನ್ನ ಬಾಯಿಂದಲೇ ಆಡಿದ್ದ! ಆ ಮಾತು ಅವನಿಗೆ ಬಾಯಿಪಾಠ ಬರುತ್ತಿತ್ತು. ಆದರೂ ಮನಸ್ಸಿನಲ್ಲಿ ನಾಟಕವನ್ನು ಕತ್ತಿ ಎತ್ತುವ ಜಾಗದಲ್ಲೇ ನಿಲ್ಲಿಸಿಬಿಟ್ಟಿದ್ದ.

ಲಿಂಕನ್ ಕೂಡ ಷೇಕ್ಸ್‌ಪಿಯರ್ ಓದುಗ. ಅವರಿಗೆ ‘ಮ್ಯಾಕ್‌ಬೆತ್’ ಅಂದರೆ ಪ್ರಾಣ. 1863ರಲ್ಲಿ ಒಬ್ಬ ನಟನಿಗೆ ಬರೆದ ಪತ್ರದಲ್ಲೇ ಅದನ್ನು ಹೇಳಿದ್ದಾರೆ. ಸಾಯುವ ಕೆಲವೇ ದಿನ ಮುಂಚೆ ಹಡಗಿನಲ್ಲಿ ವಾಷಿಂಗ್ಟನ್‌ಗೆ ಮರಳುವಾಗ ಜೊತೆಗಿದ್ದವರಿಗೆ ‘ಮ್ಯಾಕ್‌ಬೆತ್’ ಓದಿ ಹೇಳಿದರು. ಯಾವ ಭಾಗ ಗೊತ್ತಾ? ಕೊಲೆ ಮುಗಿದ ಮೇಲೆ ನಿದ್ದೆ ಇಲ್ಲದೆ ಒದ್ದಾಡುವ ಮ್ಯಾಕ್‌ಬೆತ್, ತಾನು ಕೊಂದ ರಾಜ ಡಂಕನ್ ಗೋರಿಯಲ್ಲಿ ನೆಮ್ಮದಿಯಾಗಿ ಮಲಗಿದ್ದಾನೆ ಅಂತ ಹೊಟ್ಟೆ ಉರಿದುಕೊಳ್ಳುವ ಭಾಗ. ಒಬ್ಬ ಓದುಗ ಕೊಲೆಯ ತನಕ ಓದಿದ, ಇನ್ನೊಬ್ಬ ಕೊಲೆಯ ಆಚೆಗೆ ಓದಿದ. ಪಾಠ ಮಾಡುವವರು ಈ ಎರಡನ್ನೂ ಒಟ್ಟಿಗೆ ಹೇಳಿ.

ಹೆಣದ ಪಕ್ಕ ನಿಂತವರು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಮೂರನೇ ಅಂಕದ ಎರಡನೇ ದೃಶ್ಯಕ್ಕೆ. ಬ್ರೂಟಸ್ ಗದ್ಯದಲ್ಲಿ ಮಾತಾಡುತ್ತಾನೆ, ಆಂಟನಿ ಪದ್ಯದಲ್ಲಿ. ಬ್ರೂಟಸ್ ಕಾರಣ ಕೊಡುತ್ತಾನೆ, ಆಂಟನಿ ವಸ್ತು ತೋರಿಸುತ್ತಾನೆ. ರಕ್ತದ ನಿಲುವಂಗಿ, ಗಾಯ, ಉಯಿಲು. ಹಾಗಾಗಿ ವಸ್ತುಗಳ ಪಟ್ಟಿ ಮಾಡಿ. ಮಾತಾಡುವವನು ಕೈಯಲ್ಲಿ ಏನು ಹಿಡಿದಿದ್ದಾನೆ, ಯಾವಾಗ ತೋರಿಸುತ್ತಾನೆ, ಎಷ್ಟು ಹೊತ್ತು ಮುಚ್ಚಿಡುತ್ತಾನೆ?

ಇನ್ನೊಂದು ಸೂಕ್ಷ್ಮ ನನಗೆ ಕಂಡಿದ್ದು ಬಹಳ ವರ್ಷ ಆದ ಮೇಲೆ. ಆಂಟನಿ ನಿಲುವಂಗಿಯ ಒಂದೊಂದು ತೂತು ತೋರಿಸಿ, ಇಲ್ಲಿ ಕ್ಯಾಸಿಯಸ್ ಇರಿದ, ಇಲ್ಲಿ ಕಾಸ್ಕಾ, ಇಲ್ಲಿ ಬ್ರೂಟಸ್ ಅನ್ನುತ್ತಾನೆ. ಆದರೆ ಇರಿಯುವ ಹೊತ್ತಿಗೆ ಆಂಟನಿ ಅಲ್ಲಿ ಇರಲೇ ಇಲ್ಲ. ಟ್ರೆಬೋನಿಯಸ್ ಅವನನ್ನು ಮೊದಲೇ ಹೊರಗೆ ಕರೆದುಕೊಂಡು ಹೋಗಿದ್ದ. ಯಾವ ತೂತು ಯಾರದ್ದು ಅಂತ ಅವನಿಗೆ ಗೊತ್ತಾಗುವುದು ಸಾಧ್ಯವೇ ಇಲ್ಲ. ಜನ ಕೇಳಲಿಲ್ಲ. ಇತಿಹಾಸದ ಯಾವುದೇ ಕೊಲೆಯ ಮರುದಿನದ ಭಾಷಣ ಓದುವಾಗ ಇದನ್ನು ಕೇಳಿ: ಈ ಮನುಷ್ಯ ಅಲ್ಲಿದ್ದನಾ? ಅವನಿಗೆ ಇದು ಹೇಗೆ ಗೊತ್ತು?

ನಾಲ್ಕನೇ ಅಂಕದ ಮೊದಲ ದೃಶ್ಯವನ್ನೂ ಬಿಡಬೇಡಿ. ಬಹಳ ಚಿಕ್ಕದು, ಪ್ರದರ್ಶನದಲ್ಲಿ ಎಷ್ಟೋ ಸಲ ಕತ್ತರಿಸುತ್ತಾರೆ. ಪ್ರತಿಯೊಬ್ಬರಿಗೂ ಸೀಸರ್ ಹಣ ಬಿಟ್ಟು ಹೋಗಿದ್ದಾನೆ ಅಂತ ಉಯಿಲು ತೋರಿಸಿ ಜನರನ್ನು ಅಳಿಸಿದ ಆಂಟನಿ, ಇಲ್ಲಿ ಅದೇ ಉಯಿಲಿನ ಹಣ ಕಡಿತ ಮಾಡುವುದು ಹೇಗೆ ಅಂತ ಯೋಚಿಸುತ್ತಾನೆ. ಜೊತೆಗೆ ಸಾಯಬೇಕಾದವರ ಹೆಸರಿಗೆ ಗುರುತು ಹಾಕುತ್ತಾನೆ.

ಈಗ ಇದಕ್ಕೆ ಎದುರಾಗಿ ಒಂದು ಘಟನೆ ಇಡಿ. ಹೋಲಿಕೆ ಅಂದರೆ ಬರೀ ಒಂದೇ ಥರ ಇರುವುದನ್ನು ಹುಡುಕುವುದಲ್ಲ. ತಿರುವುಮುರುವಾಗಿ ಇರುವುದು ಇನ್ನೂ ಹೆಚ್ಚು ಕಲಿಸುತ್ತದೆ. 1993ರ ಏಪ್ರಿಲ್ 10ರಂದು ದಕ್ಷಿಣ ಆಫ್ರಿಕಾದಲ್ಲಿ ಕ್ರಿಸ್ ಹಾನಿಯನ್ನು ಅವರ ಮನೆಯ ಮುಂದೆ ಕೊಂದರು. ಕಪ್ಪು ಜನರ ನಡುವೆ, ಅದರಲ್ಲೂ ಯುವಕರ ನಡುವೆ, ಬಹಳ ಪ್ರೀತಿ ಗಳಿಸಿದ್ದ ನಾಯಕ ಅವರು. ಕೊಂದವನು ಪೋಲೆಂಡಿನಿಂದ ಬಂದು ನೆಲೆಸಿದ್ದ ಬಿಳಿಯ. ದೇಶ ಹತ್ತಿ ಉರಿಯಲು ಒಂದು ಕಿಡಿ ಸಾಕಿತ್ತು. ಕೊಲೆಯಾದ ಮೇಲೆ ಟಿವಿಯಲ್ಲಿ ಮಾತಾಡಿದವರು ಮಂಡೇಲಾ. ಆಗ ಅವರು ಇನ್ನೂ ರಾಷ್ಟ್ರಾಧ್ಯಕ್ಷರಲ್ಲ.

ಅವರು ಜನರ ಮುಂದೆ ಇಟ್ಟಿದ್ದು ರಕ್ತದ ಬಟ್ಟೆಯನ್ನಲ್ಲ. ಒಬ್ಬ ನೆರೆಮನೆಯ ಹೆಂಗಸನ್ನು. ಕೊಂದವನು ಬಿಳಿಯ ಅಂತ ಹೇಳಿದ ಮೇಲೆ, ಅವನು ಸಿಕ್ಕಿಬೀಳಲು ಕಾರಣವಾದವಳೂ ಬಿಳಿಯ ಹೆಂಗಸೇ ಅಂತ ನೆನಪಿಸಿದರು. ಆಫ್ರಿಕಾನರ್ ಸಮುದಾಯದ ಆಕೆ ಜೀವದ ಹಂಗು ತೊರೆದು ಸುಳಿವು ಕೊಟ್ಟಳು ಎಂದರು. ಆಂಟನಿ ‘ಅವರು’ ಎಂಬ ಪದವನ್ನು ದೊಡ್ಡದು ಮಾಡುತ್ತಾ ಹೋಗುತ್ತಾನೆ. ಮಂಡೇಲಾ ಆ ಪದವನ್ನು ಒಡೆದು ಹಾಕಿದರು. ಗಲಭೆ ಆಗಲೇ ಇಲ್ಲ ಅಂತಲ್ಲ, ಆಯಿತು, ಜನ ಸತ್ತರು. ಆದರೆ ವರ್ಣಭೇದದ ಆಳ್ವಿಕೆ ಕೊನೆಗಾಣಿಸಲು ನಡೆಯುತ್ತಿದ್ದ ಮಾತುಕತೆ ಮುರಿಯಲಿಲ್ಲ. ಮುಂದಿನ ವರ್ಷ ಏಪ್ರಿಲ್ 27ಕ್ಕೆ ಎಲ್ಲರೂ ಮತ ಹಾಕುವ ಮೊದಲ ಚುನಾವಣೆ ನಡೆಯಿತು.

ಮಂಡೇಲಾಗೆ ಈ ನಾಟಕ ಗೊತ್ತಿತ್ತು ಅನ್ನೋದನ್ನೂ ಹೇಳಿಬಿಡುತ್ತೇನೆ. ರಾಬೆನ್ ದ್ವೀಪದ ಜೈಲಿನಲ್ಲಿ ಷೇಕ್ಸ್‌ಪಿಯರ್‌ನ ಒಂದು ಸಂಪುಟ ಕೈಯಿಂದ ಕೈಗೆ ಓಡಾಡುತ್ತಿತ್ತು. ಕಾವಲುಗಾರರಿಗೆ ಧರ್ಮಗ್ರಂಥದ ಹಾಗೆ ಕಾಣಲಿ ಅಂತ ಅದಕ್ಕೆ ದೀಪಾವಳಿ ಕಾರ್ಡುಗಳ ಹೊದಿಕೆ ಹಾಕಿದ್ದರು. ಕೈದಿಗಳು ತಮಗೆ ಹಿಡಿಸಿದ ಸಾಲಿನ ಪಕ್ಕ ಸಹಿ ಮಾಡಿದರು. 1977ರ ಡಿಸೆಂಬರ್ 16ರ ತಾರೀಖು ಹಾಕಿ ಮಂಡೇಲಾ ಸಹಿ ಮಾಡಿದ್ದು ‘ಜೂಲಿಯಸ್ ಸೀಸರ್’ನಲ್ಲಿ. ಹೇಡಿಗಳು ಸಾಯುವ ಮೊದಲೇ ಎಷ್ಟೋ ಸಲ ಸಾಯುತ್ತಾರೆ ಅಂತ ಸೀಸರ್ ಹೇಳುವ ಜಾಗದಲ್ಲಿ.

ಇನ್ನೊಂದು ರಾತ್ರಿ 1968ರ ಏಪ್ರಿಲ್ 4. ಮಾರ್ಟಿನ್ ಲೂಥರ್ ಕಿಂಗ್ ಸತ್ತ ಸುದ್ದಿಯನ್ನು ಇಂಡಿಯಾನಾಪೊಲಿಸ್ ನಗರದಲ್ಲಿ ಸೇರಿದ್ದ ಕಪ್ಪು ಜನರಿಗೆ ಹೇಳಬೇಕಾಗಿ ಬಂದವರು ರಾಬರ್ಟ್ ಕೆನಡಿ. ನನ್ನ ಅಣ್ಣನನ್ನೂ ಕೊಂದರು, ಕೊಂದವನೂ ಬಿಳಿಯನೇ ಅಂದರು. ಆಮೇಲೆ ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ‘ಅಗಮೆಮ್ನಾನ್’ ನಾಟಕದ ಸಾಲುಗಳನ್ನು ನೆನಪಿನಿಂದ ಹೇಳಿದರು. ನಿದ್ದೆಯಲ್ಲೂ ಮರೆಯದ ನೋವು ಹನಿಹನಿಯಾಗಿ ಎದೆಯ ಮೇಲೆ ಬೀಳುತ್ತದೆ ಅನ್ನುವ ಸಾಲುಗಳು. ಆ ರಾತ್ರಿಯಿಂದ ನೂರಕ್ಕೂ ಹೆಚ್ಚು ನಗರಗಳಲ್ಲಿ ಗಲಭೆ ಆಯಿತು. ಇಂಡಿಯಾನಾಪೊಲಿಸ್ ಶಾಂತವಾಗಿತ್ತು. ಎರಡು ತಿಂಗಳಲ್ಲಿ ರಾಬರ್ಟ್ ಕೆನಡಿಯನ್ನೂ ಕೊಂದರು. ಓದುಗರ ಗುಂಪು ನಡೆಸುವವರಿದ್ದರೆ ಆಂಟನಿಯ ಭಾಷಣ, ಮಂಡೇಲಾ ಭಾಷಣ, ಈ ಭಾಷಣ ಮೂರನ್ನೂ ಒಂದೇ ಸಂಜೆ ಗಟ್ಟಿಯಾಗಿ ಓದಿಸಿ. ನಡುವೆ ಯಾರೂ ವಿವರಣೆ ಕೊಡಬೇಡಿ.

ಹೆಸರಿಗಾಗಿ ಸತ್ತವನು

ಆಂಟನಿಯ ಭಾಷಣ ಆದ ಕೂಡಲೇ ಒಂದು ಪುಟ್ಟ ದೃಶ್ಯ ಬರುತ್ತದೆ. ಸಿನ್ನಾ ಅನ್ನೋ ಕವಿ ಬೀದಿಯಲ್ಲಿ ಹೋಗುತ್ತಿರುತ್ತಾನೆ. ಗುಂಪು ಅವನನ್ನು ತಡೆಯುತ್ತದೆ. ಹೆಸರೇನು, ಎಲ್ಲಿಗೆ ಹೊರಟೆ, ಮನೆ ಎಲ್ಲಿ, ಮದುವೆ ಆಗಿದೆಯಾ? ಸಂಚಿನಲ್ಲಿ ಇದ್ದ ಒಬ್ಬನ ಹೆಸರೂ ಸಿನ್ನಾ. ನಾನು ಆ ಸಿನ್ನಾ ಅಲ್ಲ, ಕವಿ ಸಿನ್ನಾ ಅಂತ ಇವನು ಕೂಗಿಕೊಳ್ಳುತ್ತಾನೆ. ಪರವಾಗಿಲ್ಲ, ಹೆಸರು ಸಿನ್ನಾ ತಾನೇ ಅಂತ ಎಳೆದುಕೊಂಡು ಹೋಗುತ್ತಾರೆ.

ತರಗತಿಯಲ್ಲಿ ಈ ದೃಶ್ಯ ಓದಿದರೆ ಮಕ್ಕಳು ನಗುತ್ತಾರೆ. ಪ್ರಶ್ನೆಗಳು ಹಾಗಿವೆ. ಒಂದು ವರ್ಷ ಒಬ್ಬಳು ಹುಡುಗಿ ನಗಲಿಲ್ಲ. ತರಗತಿ ಮುಗಿದ ಮೇಲೆ ಬಂದು ಮೆಲ್ಲಗೆ ಹೇಳಿದಳು: “ಮೇಡಂ, ನಮ್ಮ ತಾತ 1984ರಲ್ಲಿ ಬಾಗಿಲ ಮೇಲಿನ ಹೆಸರಿನ ಬೋರ್ಡು ಕಿತ್ತು ಒಳಗಿಟ್ಟಿದ್ದರಂತೆ.” ಅವರದು ಸಿಖ್ ಕುಟುಂಬ. ಅವಳು ಹೆಚ್ಚೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಅವರ ಇಬ್ಬರು ಸಿಖ್ ಅಂಗರಕ್ಷಕರು ಕೊಂದರು. ಮುಂದಿನ ಕೆಲವು ದಿನಗಳಲ್ಲಿ ದೆಹಲಿಯೊಂದರಲ್ಲೇ ಸರ್ಕಾರದ ಲೆಕ್ಕದ ಪ್ರಕಾರ 2,733 ಜನ ಸತ್ತರು. ಆ ಇಬ್ಬರಿಗೂ ಇವರಿಗೂ ಇದ್ದ ಸಂಬಂಧ ಸಿನ್ನಾಗೆ ಸಿನ್ನಾ ಜೊತೆ ಇದ್ದಷ್ಟೇ. 1914ರಲ್ಲಿ ಸರಾಯೇವೊದಲ್ಲೂ ಆಸ್ಟ್ರಿಯಾ-ಹಂಗರಿಯ ಯುವರಾಜನನ್ನು ಒಬ್ಬ ಸರ್ಬ ಯುವಕ ಕೊಂದ ಕೂಡಲೇ ಜನ ಸರ್ಬರ ಅಂಗಡಿ, ಮನೆಗಳ ಮೇಲೆ ಬಿದ್ದರು. 1948ರಲ್ಲಿ ಗಾಂಧೀಜಿ ಕೊಲೆಯಾದ ಮೇಲೆ, ಕೊಂದವನ ಜಾತಿಯವರು ಅನ್ನೋ ಒಂದೇ ಕಾರಣಕ್ಕೆ ಮಹಾರಾಷ್ಟ್ರದಲ್ಲಿ ಚಿತ್ಪಾವನ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು.

ಇಲ್ಲೇ ಹುಷಾರಾಗಿರಬೇಕು. ಹೋಲಿಕೆ ಇಷ್ಟು ಚೆನ್ನಾಗಿ ಕೂತಾಗ ಕೈ ಅಲ್ಲಿಗೇ ನಿಂತುಬಿಡುತ್ತದೆ. ಷೇಕ್ಸ್‌ಪಿಯರ್‌ನ ಗುಂಪು ಬೀದಿಯಲ್ಲಿ ಎದುರು ಸಿಕ್ಕವನನ್ನು ಹಿಡಿಯುತ್ತದೆ, ಹೆಸರು ಕೇಳುತ್ತದೆ. ದೆಹಲಿಯಲ್ಲಿ ಬಂದವರ ಕೈಯಲ್ಲಿ ಮತದಾರರ ಪಟ್ಟಿ ಇತ್ತು ಅಂತ ಬದುಕಿ ಉಳಿದವರು ಹೇಳಿದ್ದಾರೆ. ಅವರು ಹೆಸರು ಕೇಳಬೇಕಾಗಿರಲಿಲ್ಲ. ಹುಚ್ಚೆದ್ದ ಜನ ಅನ್ನುವ ಚಿತ್ರ ರೋಮ್‌ನ ಬೀದಿಗೆ ಸಾಕು, ದೆಹಲಿಗೆ ಸಾಲದು. ‘ಸಿಟ್ಟಿನ ಜನ’ ಅಂತ ಬರೆದು ಮುಂದೆ ಹೋದರೆ ಪಟ್ಟಿ ಕೊಟ್ಟವರು ಯಾರು ಅನ್ನೋ ಪ್ರಶ್ನೆ ಮುಚ್ಚಿಹೋಗುತ್ತದೆ. ನಾಟಕದ ಹೋಲಿಕೆ ಯಾರನ್ನಾದರೂ ಮರೆಮಾಡುತ್ತಿದೆ ಅನ್ನಿಸಿದರೆ ಹೋಲಿಕೆಯನ್ನೇ ಬಿಟ್ಟುಬಿಡಿ.

ಇರುವೆ ಸಾಲು, ತಪ್ಪು ತಿರುವು

ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನೂ ಈ ಕೆಲಸಕ್ಕೆ ತೆಗೆದುಕೊಳ್ಳಿ. ಕನ್ನಡದಲ್ಲಿ ಈ ಕಥೆ 1823ರಷ್ಟು ಹಿಂದೆಯೇ ಕೆಂಪುನಾರಾಯಣನ ಗದ್ಯದಲ್ಲಿ ಬಂದಿದೆ. ನಾಟಕದ ಎರಡನೇ ಅಂಕದಲ್ಲಿ ಚಂದ್ರಗುಪ್ತನನ್ನು ಕೊಲ್ಲಲು ನಡೆದ ಪ್ರಯತ್ನಗಳನ್ನು ಗೂಢಚಾರನೊಬ್ಬ ನಂದರ ಮಂತ್ರಿ ರಾಕ್ಷಸನಿಗೆ ವರದಿ ಮಾಡುತ್ತಾನೆ. ಬೀಳಿಸಲು ಸಿದ್ಧ ಮಾಡಿದ ತೋರಣ, ವೈದ್ಯ ಕೊಟ್ಟ ವಿಷದ ಔಷಧ, ಮಲಗುವ ಕೋಣೆಯ ಕೆಳಗೆ ಅಡಗಿ ಕೂತ ಕೊಲೆಗಾರರು. ಒಂದೂ ಕೈಗೂಡುವುದಿಲ್ಲ. ರಾಜ ಮಲಗುವ ಮೊದಲು ಚಾಣಕ್ಯ ಕೋಣೆ ನೋಡಲು ಬರುತ್ತಾನೆ. ಗೋಡೆಯ ಬಿರುಕಿನಿಂದ ಇರುವೆಗಳು ಅನ್ನದ ಅಗುಳು ಹೊತ್ತು ಸಾಲಾಗಿ ಬರುತ್ತಿರುತ್ತವೆ. ಒಳಗೆ ಮನುಷ್ಯರಿದ್ದಾರೆ ಅಂತ ಅವನಿಗೆ ಗೊತ್ತಾಗುತ್ತದೆ.

ಆ ಇರುವೆ ಸಾಲಿನ ಪಕ್ಕ ಸರಾಯೇವೊದ ಬೆಳಗ್ಗೆಯನ್ನು ಇಡಿ. 1914ರ ಜೂನ್ 28. ಬೆಳಗ್ಗೆ ಎಸೆದ ಬಾಂಬು ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ನ ಕಾರಿನಿಂದ ಜಾರಿ ಹಿಂದಿನ ಕಾರಿನ ಬಳಿ ಸಿಡಿಯಿತು. ಗಾಯಗೊಂಡವರನ್ನು ನೋಡಲು ಆಸ್ಪತ್ರೆಗೆ ಹೋಗಬೇಕು ಅಂತ ದಾರಿ ಬದಲಾಯಿಸಿದರು. ಡ್ರೈವರ್‌ಗೆ ಅದು ತಿಳಿದಿರಲಿಲ್ಲ. ಹಳೆಯ ದಾರಿಗೆ ತಿರುಗಿಸಿದ, ತಪ್ಪು ಅಂತ ಯಾರೋ ಕೂಗಿದರು, ಕಾರು ನಿಂತಿತು. ನಿಂತ ಜಾಗದಲ್ಲೇ 19 ವರ್ಷದ ಗಾವ್ರಿಲೊ ಪ್ರಿನ್ಸಿಪ್ ಇದ್ದ.

ನಾಟಕದಲ್ಲಿ ಇರುವೆ ಸುಮ್ನೆ ಬರುವುದಿಲ್ಲ. ಚಾಣಕ್ಯನ ಕಣ್ಣು ಎಂಥದ್ದು ಅಂತ ತೋರಿಸಲು ಬರುತ್ತದೆ. ಇತಿಹಾಸದ ತಪ್ಪು ತಿರುವು ಯಾರ ಜಾಣತನವನ್ನೂ ತೋರಿಸುವುದಿಲ್ಲ. ಅದು ಬರೀ ತಪ್ಪು ತಿರುವು. ನಾಟಕ ಓದಿ ಓದಿ ನಮಗೆ ಪ್ರತಿಯೊಂದಕ್ಕೂ ಅರ್ಥ ಹುಡುಕುವ ಅಭ್ಯಾಸ ಆಗಿರುತ್ತದೆ. ಘಟನೆಯ ಹಾಳೆಯಲ್ಲಿ ಆಕಸ್ಮಿಕವಾಗಿ ಆದದ್ದಕ್ಕೆಲ್ಲ ಬೇರೆ ಬಣ್ಣದ ಗುರುತು ಹಾಕಿ. ಅವುಗಳಿಗೆ ನಾಟಕದ ಜೋಡಿ ಹುಡುಕಲು ಹೋಗಬೇಡಿ.

ಅನುಮಾನದ ವಿಷಯದಲ್ಲೂ ಇದೇ ಎಚ್ಚರ ಇರಲಿ. ಡಂಕನ್‌ನ ಕಾವಲುಗಾರರನ್ನು ಮ್ಯಾಕ್‌ಬೆತ್ ತಾನೇ ಕೊಂದು, ರಾಜನ ಮೇಲಿನ ಪ್ರೀತಿಗೆ ತಡೆಯಲಾಗಲಿಲ್ಲ ಅನ್ನುತ್ತಾನೆ. ನಿಜ ಹೇಳಬಹುದಾದ ಬಾಯಿ ಮುಚ್ಚಿಹೋಗುತ್ತದೆ. ಕೆನಡಿ ಸತ್ತ ಎರಡೇ ದಿನಕ್ಕೆ ಆಸ್ವಾಲ್ಡ್‌ನನ್ನು ಜಾಕ್ ರೂಬಿ ಕೊಂದಾಗ ಎಷ್ಟೋ ಜನರಿಗೆ ಹಾಗೇ ಅನ್ನಿಸಿತು. ಆದರೆ ಮ್ಯಾಕ್‌ಬೆತ್ ತಪ್ಪಿತಸ್ಥ ಅಂತ ನಮಗೆ ಗೊತ್ತಿರುವುದು ನಾವು ಅವನ ಮನೆಯೊಳಗೆ ಇದ್ದುದರಿಂದ. ರೂಬಿಯ ಮನೆಯೊಳಗೆ ನಾವು ಇರಲಿಲ್ಲ. ನಾಟಕ ಒಂದು ಪ್ರಶ್ನೆ ಕೊಡಬಹುದು, ಸಾಕ್ಷಿ ಕೊಡಲಾರದು.

ನಾಟಕದ ಗಡಿಯಾರ

‘ಮ್ಯಾಕ್‌ಬೆತ್’ ಓದಿದವರಿಗೆ ಕೊಲೆಗಾರನಿಗೆ ಬೇಗ ಶಿಕ್ಷೆ ಆಗುತ್ತದೆ ಅನ್ನಿಸುತ್ತದೆ. ನಿದ್ದೆ ಹೋಯಿತು, ಹೆಂಡತಿ ಹೋದಳು, ತಲೆ ಹೋಯಿತು. ನಿಜವಾದ ಮ್ಯಾಕ್‌ಬೆತ್ 1040ರಲ್ಲಿ ಡಂಕನ್‌ನನ್ನು ಸೋಲಿಸಿ ಕೊಂದದ್ದು ಯುದ್ಧದಲ್ಲಿ. ಆಮೇಲೆ 17 ವರ್ಷ ರಾಜ್ಯ ಆಳಿದ. ನಾಟಕ ಒಂದು ಸಂಜೆಯಲ್ಲಿ ಮುಗಿಯಬೇಕು, ಅದಕ್ಕೆ ಕಾಲವನ್ನು ಹಿಂಡಬೇಕಾಗುತ್ತದೆ. ಹಾಗಾಗಿ ನಾಟಕದ ಮೂಲ ಇತಿಹಾಸವನ್ನೂ ಒಮ್ಮೆ ನೋಡಿಕೊಂಡೇ ಕೆಲಸಕ್ಕೆ ಇಳಿಯಿರಿ.

ನಾನು ಇದರ ಪಕ್ಕ ಇಟ್ಟದ್ದು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಅಧ್ಯಕ್ಷ ಥಾಮಸ್ ಸಂಕಾರಾ ಕೊಲೆ. 1987ರ ಅಕ್ಟೋಬರ್ 15ರಂದು ಸಭೆಯ ಜಾಗದಲ್ಲಿ ಅವರನ್ನೂ ಜೊತೆಗಿದ್ದ 12 ಜನರನ್ನೂ ಕೊಂದರು. ಅಧಿಕಾರಕ್ಕೆ ಬಂದದ್ದು ಸಂಕಾರಾ ಅವರ ಆಪ್ತ ಗೆಳೆಯ ಬ್ಲೇಸ್ ಕಂಪಾವೋರೆ. ಮರಣ ಪತ್ರದಲ್ಲಿ ಸಹಜ ಸಾವು ಅಂತ ಬರೆದರು. ಕಂಪಾವೋರೆ ಆಳಿದ್ದು 27 ವರ್ಷ. 2014ರಲ್ಲಿ ಜನ ಬೀದಿಗೆ ಇಳಿದ ಮೇಲೆ ದೇಶ ಬಿಟ್ಟು ಹೋದರು. 2022ರ ಏಪ್ರಿಲ್‌ನಲ್ಲಿ ಸೇನಾ ನ್ಯಾಯಾಲಯ ಅವರ ಗೈರುಹಾಜರಿಯಲ್ಲೇ ಜೀವಾವಧಿ ಶಿಕ್ಷೆ ಕೊಟ್ಟಿತು. ನಾಟಕದಲ್ಲಿ ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಭೂತ ಊಟದ ಮೇಜಿಗೆ ಅದೇ ರಾತ್ರಿ ಬಂತು. ಇಲ್ಲಿ ಕಾಲು ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ಬರೆಯಲು ಕೂತಾಗ

ಮೊದಲು ಘಟನೆಯನ್ನು ನಾಟಕದ ಒಂದೂ ಹೆಸರಿಲ್ಲದೆ ಬರೆಯಿರಿ. ಅದು ತನ್ನ ಕಾಲ ಮೇಲೆ ನಿಂತರೆ ಮಾತ್ರ ನಾಟಕವನ್ನು ಒಳಗೆ ತನ್ನಿ. ‘ಆಧುನಿಕ ಬ್ರೂಟಸ್’, ‘ಇಂದಿನ ಮ್ಯಾಕ್‌ಬೆತ್’ ಥರದ ಮಾತು ಬಂದರೆ ಅಳಿಸಿ. ಸತ್ತವರು ನಿಜವಾದ ಮನುಷ್ಯರು, ಅವರಿಗೆ ಅವರದೇ ಹೆಸರು ಇರಲಿ. ‘ಹೊಂದದ್ದು’ ಹಾಳೆಯಿಂದ ಕಡಿಮೆ ಅಂದರೂ ಎರಡು ವಿಷಯ ಬರಹದ ಒಳಗೆ ಬರಲಿ.

ಕೊನೆಗೆ, ಬರೆದದ್ದನ್ನು ನಾಟಕ ಓದದ ಒಬ್ಬರಿಗೆ ಓದಿ ಹೇಳಿ. ಸಂಕಾರಾ ಬಗ್ಗೆ ಬರೆದಾಗ ನಾನು ನನ್ನ ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಮ್ಯಾಕ್‌ಬೆತ್ ಓದಿದವಳಲ್ಲ. ಗೆಳೆತನ, ದ್ರೋಹ, ಭೂತ ಎಲ್ಲಾ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು: “ಅವನ ಹೆಂಡ್ತಿ ಏನಾದ್ಲು?”

ನಾಟಕದಲ್ಲಿ ಮ್ಯಾಕ್‌ಬೆತ್‌ನ ವೈರಿ ಮ್ಯಾಕ್‌ಡಫ್‌ನ ಹೆಂಡತಿಯನ್ನೂ ಮಕ್ಕಳನ್ನೂ ಕೊಂದುಬಿಡುತ್ತಾರೆ. ಬ್ಯಾಂಕೋನ ಹೆಂಡತಿಯ ಸುದ್ದಿಯೇ ಇಲ್ಲ. ನಾನು ನಾಟಕದಲ್ಲಿ ಇದ್ದವರ ಜೋಡಿಯನ್ನಷ್ಟೇ ಹುಡುಕಿದ್ದೆ, ಹಾಗಾಗಿ ಮರಿಯಂ ಸಂಕಾರಾ ನನ್ನ ಬರಹದಲ್ಲಿ ಬಂದೇ ಇರಲಿಲ್ಲ. ಅವರು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ದೇಶ ಬಿಟ್ಟು ಹೋದರು. 1997ರಲ್ಲಿ ಗಂಡನ ಕೊಲೆಯ ಬಗ್ಗೆ ದೂರು ಕೊಟ್ಟರು. ತೀರ್ಪು ಬರಲು 25 ವರ್ಷ ಹಿಡಿಯಿತು. ಅವರು ದೂರು ಬಿಡಲಿಲ್ಲ. ಆ ಪಾತ್ರ ‘ಮ್ಯಾಕ್‌ಬೆತ್’ನಲ್ಲಿ ಇಲ್ಲ. ಅವತ್ತು ರಾತ್ರಿ ಕೂತು ಬರಹವನ್ನು ಮೊದಲಿಂದ ಬರೆದೆ, ಮರಿಯಂ ಅವರಿಂದಲೇ ಶುರು ಮಾಡಿದೆ.